ಬರೆದು ಕೊಡಿ, ಕೇಳಿಸುತ್ತೆ

ಮನೆ, ಹೊಲಿಗೆ ಮೇಜು
ಹದಿನಾಲ್ಕನೇ ತಾರೀಕು, ಶನಿವಾರ, ಎರಡನೇ ಟೀ ಆದ ಮೇಲೆ

ಪ್ರೀತಿಯ ಗುಂಡಣ್ಣಾ,

ಹೇಗಿದ್ದೀಯೋ? ಹೊಟ್ಟೆ ತುಂಬ ಉಣ್ಣುತ್ತಿದ್ದೀಯಾ, ಇಲ್ಲ ತಟ್ಟೆಯಲ್ಲಿದ್ದದ್ದರಲ್ಲಿ ಅರ್ಧ ಸ್ನೇಹಿತರಿಗೆ ದಾನ ಮಾಡುತ್ತಿದ್ದೀಯಾ? ಹೊಸ ಬೂಟು ಕಚ್ಚಿದ ಗಾಯ ಮಾಗಿತೇ? ಅಲ್ಲಿ ಚಳಿ ಜೋರಂತೆ, ಎದೆ ಬೆಚ್ಚಗಿಟ್ಟುಕೋ. ಮತದಾನದ ಹಿಂದಿನ ದಿನ ನೀನು ಫೋನು ಮಾಡಿದಾಗ ನಾನು ಹೇಳಿದ್ದಕ್ಕೆಲ್ಲ 'ಆಂ? ಆಂ?' ಅಂದೆ, ಲೈನು ಸರಿಯಿಲ್ಲಮ್ಮಾ ಅಂದೆ. ಅದಕ್ಕೇ ಈ ಸಲ ಫೋನಿನ ಗೊಡವೆ ಬೇಡ ಅಂತ ಕಾಗದ ಹಿಡಿದು ಕೂತಿದ್ದೇನೆ. ಅಷ್ಟಕ್ಕೂ ನಮ್ಮ ಮನೆಯಲ್ಲಿ ಮುಖ್ಯವಾದ ವಿಷಯವನ್ನು ಯಾವತ್ತು ಬಾಯಲ್ಲಿ ಹೇಳಿದ್ದೇವೆ ಹೇಳು! ಒಂದು ಎಚ್ಚರಿಕೆ. ಕಥೆಪುಸ್ತಕದ ಕೊನೆಯ ಪುಟ ಮೊದಲು ಓದುವ ನಿನ್ನ ಹಾಳು ಅಭ್ಯಾಸ ನನಗೆ ಗೊತ್ತು. ಈ ಸಲ ಹಾಗೆ ಮಾಡಕೂಡದು. ನಿಮ್ಮಪ್ಪ ಗೆದ್ದರೋ ಸೋತರೋ ಅನ್ನುವುದನ್ನು ನಾನು ಹೇಳಿದಾಗಲೇ ತಿಳಿದುಕೊಳ್ಳಬೇಕು. ಹೆತ್ತವಳಿಗೆ ಅಷ್ಟೂ ಹಕ್ಕಿಲ್ಲವೇ?

ನಿಮ್ಮಪ್ಪ ಯಾಕೆ ಚುನಾವಣೆಗೆ ನಿಂತರು ಅಂತ ನೀನು ಎರಡು ಕಾಗದದಲ್ಲಿ ಕೇಳಿದ್ದೆ, ನಾನು ಹಾರಿಕೆಯ ಉತ್ತರ ಕೊಟ್ಟಿದ್ದೆ. ಈಗ ಕೇಳು. ನೀನು ರಜೆ ಮುಗಿಸಿ ಹೋದ ಮೇಲೆ ಕೆಳಗಿನ ಬೀದಿಗಳಿಗೆ ನೀರು ಕೊಡುವ ಪಂಪು ಕೆಟ್ಟು ನಿಂತಿತು. ನಲವತ್ತು ದಿನವಾದರೂ ಆ ಬೀದಿಯ ಹೆಂಗಸರು ಕೊಡ ಹೊತ್ತು ಬೆಟ್ಟದ ದಾರಿ ಹತ್ತಿ ಇಳಿಯುತ್ತಲೇ ಇದ್ದರು. ಪಂಪಿನ ವಿಷಯದಲ್ಲಿ ನಿಮ್ಮಪ್ಪನ ಕೈ ಎಂಥದ್ದು ಅಂತ ನಿನಗೆ ಹೊಸದಾಗಿ ಹೇಳಬೇಕಾಗಿಲ್ಲ. ಬೇರೆ ರಿಪೇರಿಯವರು ಸದ್ದು ಕೇಳಿ ರೋಗ ಹೇಳಿದರೆ ಇವರು ಮೋಟಾರಿನ ಮೈಮೇಲೆ ಅಂಗೈ ಇಟ್ಟು ಹೇಳುತ್ತಾರೆ. ಬೇರಿಂಗು ಸವೆದಿದೆ, ಒಂದು ದಿನದ ಕೆಲಸ, ನಾನೇ ಮಾಡಿಕೊಡುತ್ತೇನೆ ಅಂತ ನೀರಿನ ಕಚೇರಿಗೆ ಮೂರು ಅರ್ಜಿ ಬರೆದರು. ಉತ್ತರವಿಲ್ಲ. ಕೊನೆಗೆ ನಮ್ಮ ಶಾಸಕರು ಮಾರುಕಟ್ಟೆಯ ಸಭಾಂಗಣಕ್ಕೆ ಬಂದು ಜನರ ಅಹವಾಲು ಕೇಳುತ್ತಾರೆ ಅಂತ ಗೊತ್ತಾಯಿತು. ಇವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿ ಎರಡನೇ ಸಾಲಿನಲ್ಲಿ ಕೂತರು, ಸರದಿ ಬಂದಾಗ ಎದ್ದು ಹೇಳಿದರು. ಹದಿನಾರು ವರ್ಷ ಫಿರಂಗಿಯ ಪಕ್ಕದಲ್ಲಿ ನಿಂತು ಎರಡೂ ಕಿವಿ ಅಲ್ಲೇ ಬಿಟ್ಟು ಬಂದ ಮನುಷ್ಯ. ತಮ್ಮ ದನಿ ತಮಗೇ ಕೇಳದೆ, ಸಣ್ಣ ಮಾತನ್ನೂ ಗುಡುಗಿನ ಹಾಗೆ ಆಡುವವರು. ಊರವರು ಅವರಿಗೆ 'ಫಿರಂಗಿ' ಅಂತ ಅಡ್ಡಹೆಸರಿಟ್ಟದ್ದು ಸುಮ್ಮನೆ ಅಲ್ಲವಲ್ಲ. ಇವರು ತುಟಿ ನೋಡಿ ಮಾತು ತಿಳಿಯುತ್ತಾರೆ ಅಂತ ಪಕ್ಕದಲ್ಲಿದ್ದವನೊಬ್ಬ ಶಾಸಕರ ಕಿವಿಯಲ್ಲಿ ಉಸುರಿದ. ಆಗ ಆ ಮಹಾರಾಯರು ಏನು ಮಾಡಿದರು ಗೊತ್ತಾ? ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದುಕೊಂಡು ಮೈಕಿನಲ್ಲಿ ಏನೋ ಹೇಳಿದರು. ಸಭಾಂಗಣವೆಲ್ಲ ಗೊಳ್ಳೆಂದು ನಕ್ಕಿತು. ನಿಮ್ಮಪ್ಪನಿಗೆ ನಗು ಕಂಡಿತು, ಮಾತು ಕಾಣಲಿಲ್ಲ.

ಆ ಮಾತು ಸಂಜೆಯೊಳಗೆ ನಾಲ್ಕು ಬಾಯಿ ದಾಟಿ ನನ್ನ ಕಿವಿಗೆ ಬಂತು. 'ಕಿವುಡನ ಮುಂದೆ ಕಿನ್ನರಿ ಯಾಕೆ ಬಾರಿಸಲಿ, ಮುಂದಿನವರು ಬನ್ನಿ' ಅಂದರಂತೆ. ನಾನು ಇವರಿಗೆ ಹೇಳಲಿಲ್ಲ, ಇವರೂ ಕೇಳಲಿಲ್ಲ. ಮನೆಗೆ ಬಂದವರೇ ನನ್ನ ಮೇಜಿನ ಮೇಲೆ ಹರಡಿದ್ದ ಕಪ್ಪು ಅಸ್ತರಿನ ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದರು: 'ಬಾಯಿ ಮುಚ್ಕೊಂಡು ಮಾತಾಡಿದ. ನಾನು ನಿಲ್ತೀನಿ.' ಬಾಯಿ ಇರುವ ಮನುಷ್ಯ ಬರೆಯಲು ಹೊರಟರೆ ಸಿಟ್ಟು ಗಂಟಲಿನಲ್ಲಿ ಸಿಕ್ಕಿಕೊಂಡಿದೆ ಅಂತ ಅರ್ಥ. ನಾನು ಕೆಳಗೆ 'ಎಲ್ಲಿ?' ಅಂತ ಬರೆದೆ. 'ಎಲೆಕ್ಷನ್ನಿಗೆ' ಅಂತ ಬರೆದರು. ಅದರ ಕೆಳಗೆ ನಾನು ದಪ್ಪಕ್ಷರದಲ್ಲಿ 'ತಲೆ ಕೆಟ್ಟಿದೆಯಾ?' ಅಂತ ಬರೆದೆ. ಮರುದಿನ ಆ ಗಡಿಬಿಡಿಯಲ್ಲಿ ಬಟ್ಟೆಯನ್ನು ಹಾಗೇ ಕತ್ತರಿಸಿ ಬ್ಯಾಂಕಿನ ಅಧಿಕಾರಿಯ ಕೋಟಿಗೆ ಒಳಗೆ ಕೊಟ್ಟು ಹೊಲಿದುಬಿಟ್ಟೆ ನೋಡು. ವಾರ ಬಿಟ್ಟು ಅವರು ಕೋಟು ಬಿಚ್ಚಿಕೊಂಡು ಬಂದು, ಬಲು ವಿನಯದಿಂದ, ಇದು ನನಗೇ ಬರೆದದ್ದೇನಮ್ಮಾ ಅಂತ ಕೇಳಿದರು. ಭೂಮಿ ಬಾಯಿ ಬಿಟ್ಟಿದ್ದರೆ ಒಳಗೆ ಇಳಿದುಬಿಡುತ್ತಿದ್ದೆ.

ಈ ಮನೆಗೆ ಬಂದು ಹೋಗುವವರಿಗೆ ನಮ್ಮ ರೀತಿ ವಿಚಿತ್ರ ಅನ್ನಿಸುತ್ತದೆ, ನಮಗೆ ಅದೇ ಸಂಸಾರ. ಹದಿನೆಂಟು ವರ್ಷದಿಂದ ನಾನು ಇವರನ್ನು 'ರೀ' ಅಂತ ಕರೆದಿಲ್ಲ; ಕಾಲಿನಿಂದ ಹಲಗೆನೆಲವನ್ನು ಎರಡು ಸಲ ಕುಟ್ಟುತ್ತೇನೆ, ತಿರುಗುತ್ತಾರೆ. ಜಗಳವನ್ನು ಸೀಮೆಸುಣ್ಣದಲ್ಲಿ ಆಡುತ್ತೇವೆ, ರಾಜಿಯಾದರೆ ಒರೆಸುತ್ತೇವೆ. ತುಟಿ ಓದುವುದರಲ್ಲಿ ನಿಮ್ಮಪ್ಪ ಎಷ್ಟೇ ಪಳಗಿದ್ದರೂ ನಮ್ಮ ಭಾಷೆ ಅವರ ಕಾಲೆಳೆಯುವುದು ಬಿಟ್ಟಿಲ್ಲ. ಮಳೆ ಅಂದರೂ ಬಳೆ ಅಂದರೂ ತುಟಿ ಒಂದೇ ಥರ. ನೆನಪಿದೆಯಾ, 'ನಿಮ್ಮ ಮಾವ ಬರ್ತಿದಾರೆ' ಅಂತ ನಾನು ಅಂದದ್ದನ್ನು ಭಾವ ಅಂತ ಓದಿ, ಭಾವ ತಾನೇ ಅಂತ ಚಡ್ಡಿಯಲ್ಲೇ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದರು, ಬಂದದ್ದು ನಮ್ಮಪ್ಪ! ನೀನು ಚಿಕ್ಕವನಿದ್ದಾಗ ಇಸ್ಪೀಟಿನಲ್ಲಿ ಕುಣಿದಾಡುತ್ತ 'ಗೆದ್ದೆ! ಗೆದ್ದೆ!' ಅಂದರೆ ಇವರು 'ಯಾವಾಗ ಎದ್ದೆ? ಇನ್ನೂ ಕೂತೇ ಇದೀಯಲ್ಲೋ' ಅನ್ನುತ್ತಿದ್ದರು. ಗೆದ್ದೆ, ಎದ್ದೆ ಎರಡೂ ತುಟಿಯ ಮೇಲೆ ಅಣ್ಣತಮ್ಮಂದಿರು. ಈ ಜೋಡಿಯನ್ನು ನೆನಪಿಟ್ಟುಕೋ, ಮುಂದೆ ಬರುತ್ತದೆ.

ನಾಮಪತ್ರ ಕೊಡಲು ಹೋದದ್ದು ಕೊನೆಯ ದಿನ. ಪಕ್ಷವಿಲ್ಲದೆ ನಿಲ್ಲುವವರಿಗೆ ಕೊಡುವ ಗುರುತುಗಳಲ್ಲಿ ಒಳ್ಳೆಯವೆಲ್ಲ ಖಾಲಿಯಾಗಿ ಎರಡೇ ಉಳಿದಿದ್ದವು: ಒಂದು ಬಾಚಣಿಗೆ, ಒಂದು ಗಂಟೆ. ಚುನಾವಣಾ ಅಧಿಕಾರಿ ಪಾಪ, ಒಮ್ಮೆ ನಿಮ್ಮಪ್ಪನ ಬೋಳುತಲೆ ನೋಡಿದರು, ಒಮ್ಮೆ ಕಿವಿ ನೋಡಿದರು, ಯಾವುದನ್ನು ಕೊಟ್ಟರೂ ಪಾಪ ಸುತ್ತಿಕೊಳ್ಳುತ್ತದೆ ಅನ್ನುವ ಮುಖ ಮಾಡಿದರು. ನಿಮ್ಮಪ್ಪ ತಲೆ ಸವರಿಕೊಂಡು, 'ಕೂದಲು ತಾನಾಗಿ ಹೋಗಿದ್ದು, ಕಿವಿ ನಾನೇ ಕೊಟ್ಟು ಬಂದಿದ್ದು. ಗಂಟೇನೇ ಕೊಡಿ' ಅಂದರು. ಕಿವುಡನಿಗೆ ಗಂಟೆ ಅಂತ ಊರಿಗೆ ಊರೇ ಒಂದು ವಾರ ನಕ್ಕಿತು. ನನಗೆ ಹೊಟ್ಟೆ ಉರಿಯಿತು, ಯಾರ ಮುಂದೆಯೂ ತೋರಿಸಲಿಲ್ಲ. ಪಕ್ಕದ ಮನೆಯ ಅಂಚೆ ಅಣ್ಣ ಮಾತ್ರ, 'ನಗಲಿ ಬಿಡಮ್ಮಾ, ನಕ್ಕವರು ಗುರುತು ಮರೆಯಲ್ಲ' ಅಂದರು. ಕೆಲಸದಿಂದ ನಿವೃತ್ತರಾಗಿ ಆರು ವರ್ಷವಾದರೂ ಆ ಕಡುನೀಲಿ ಕೋಟನ್ನು ಮೈಮೇಲಿಂದ ಇಳಿಸದ ಮನುಷ್ಯ. ಮನೆಮನೆ ಸುತ್ತಿ ರೂಢಿ, ಯಾವ ಬಾಗಿಲಿನ ಹಿಂದೆ ನಾಯಿ ಇದೆ, ಯಾವ ಬಾಗಿಲಿನ ಹಿಂದೆ ಅತ್ತೆ ಇದ್ದಾರೆ ಅನ್ನುವುದೆಲ್ಲ ಗೊತ್ತು. ನಮ್ಮ ಪ್ರಚಾರ ಅಂದರೆ ನಾವು ಮೂರೇ ಜನ, ಒಂದು ಗಂಟೆ, ಒಂದು ಕಟ್ಟು ನೋಟುಬುಕ್ಕು. ಧ್ವನಿವರ್ಧಕಕ್ಕೆ ಪರವಾನಗಿ ಬೇಕಂತೆ. ನಿಮ್ಮಪ್ಪನ ಗಂಟಲಿಗೆ ಬೇಡ.

ಬೇರೆಯವರು ಬೀದಿಯಲ್ಲಿ ನಿಂತು ಭಾಷಣ ಮಾಡಿ ಹೋಗುತ್ತಿದ್ದರು. ಇವರು ಬಾಗಿಲು ತಟ್ಟಿ, ಒಳಗೆ ಬರಬಹುದಾ ಅಂತ ಕೇಳಿ, ನೋಟುಬುಕ್ಕು ಪೆನ್ಸಿಲ್ಲು ಮುಂದಿಟ್ಟು, 'ಬರೆದು ಕೊಡಿ, ಕೇಳಿಸುತ್ತೆ' ಅನ್ನುತ್ತಿದ್ದರು. ಅಷ್ಟೇ ಭಾಷಣ. ಮೊದಲ ಎರಡು ದಿನ ಜನ ಪೆನ್ಸಿಲ್ಲು ಮುಟ್ಟಲೂ ಸಂಕೋಚಪಟ್ಟರು. ಆಮೇಲೆ ಏನಾಯಿತೋ ಕಾಣೆ, ಕಟ್ಟೆ ಒಡೆದ ಹಾಗೆ ಬರೆದರು. ನನಗೆ ಆಗ ಹೊಳೆಯಿತು ಕಣೋ, ಹೇಳುವ ಮಾತನ್ನು ನಾಲ್ಕು ಜನ ಕೇಳಿಸಿಕೊಳ್ಳುತ್ತಾರೆ, ಬರೆದ ಮಾತು ಗೋಡೆಗೂ ಕೇಳುವುದಿಲ್ಲ. ಒಂದು ಮನೆಯಲ್ಲಿ ಗಂಡ ಬಾಗಿಲಿಗೆ ಅಡ್ಡ ನಿಂತು ನಮಗೇನೂ ತೊಂದರೆಯಿಲ್ಲ ಅಂತ ಅಂದ. ಅವನ ಹೆಂಡತಿ ತೆಪ್ಪಗೆ ನೋಟುಬುಕ್ಕು ತೆಗೆದುಕೊಂಡು ನಾಲ್ಕು ಸಾಲು ಬರೆದು, ಹಾಳೆ ಮಡಚಿ, ನಿಮ್ಮಪ್ಪನ ಕೈಗೆ ಕೊಡದೆ ನನ್ನ ಕೈಗೆ ಕೊಟ್ಟಳು. ಅದರಲ್ಲೇನಿತ್ತು ಅಂತ ನಿನಗೂ ಹೇಳುವುದಿಲ್ಲ. ಅವಳು ಈಗ ಅಕ್ಕನ ಮನೆಯಲ್ಲಿ ಕ್ಷೇಮವಾಗಿದ್ದಾಳೆ. ಒಬ್ಬ ಮುದುಕರು, 'ನನ್ನ ಹತ್ರ ಯಾರೂ ಮಾತಾಡಲ್ಲ. ಬೇರೇನೂ ಬೇಡ. ನಾಳೆ ಬನ್ನಿ' ಅಂತ ಬರೆದರು. ಮರುದಿನ ಹೋದೆವು, ಎರಡು ತಾಸು ಪ್ರಚಾರ ಕೆಟ್ಟಿತು, ಟೀ ಚೆನ್ನಾಗಿತ್ತು. ಶಾಲೆಯ ಹುಡುಗಿಯೊಬ್ಬಳು ಬರೆದಳು: 'ನಮ್ಮ ಶಾಲೆ ಕಕ್ಕಸಿನ ಬಾಗಿಲಿಗೆ ಚಿಲಕ ಇಲ್ಲ. ಅದಕ್ಕೆ ನಾನು ಬೆಳಿಗ್ಗೆಯಿಂದ ನೀರು ಕುಡಿಯಲ್ಲ.' ಅದನ್ನು ಓದಿ ನಿಮ್ಮಪ್ಪ ಮನೆಗೆ ಹೋಗಿ ಪೆಟ್ಟಿಗೆ ತಂದು ಆವತ್ತೇ ಚಿಲಕ ಹಾಕಿಬಿಟ್ಟರು. ಗೆದ್ದ ಮೇಲೆ ಮಾಡಬೇಕಾದ ಕೆಲಸವನ್ನು ಮೊದಲೇ ಮಾಡಿದರೆ ಓಟು ಯಾಕೆ ಹಾಕುತ್ತಾರೆ ಅಂತ ಅಂಚೆ ಅಣ್ಣ ಗೊಣಗಿದರು. ಅಕ್ಷರ ಬಾರದವರಿಗೆ ಅವರೇ ಬರೆದುಕೊಡುತ್ತಿದ್ದರು. ಮಾರುಕಟ್ಟೆಯ ಮೀನಿನಕ್ಕ ಒದ್ದೆ ಕೈ ತೋರಿಸಿ, 'ನೀನೇ ಬರಿ, ಆದ್ರೆ ದೊಡ್ಡದಾಗಿ ಬರಿ' ಅಂದು ಒಂದು ಇಡೀ ನೋಟುಬುಕ್ಕನ್ನು ಒಬ್ಬಳೇ ತುಂಬಿಸಿದಳು. ಒಟ್ಟು ಮೂವತ್ತೊಂದು ನೋಟುಬುಕ್ಕು, ನಿನ್ನ ಮಂಚದ ಕೆಳಗಿವೆ.

ಎಲ್ಲ ಸರಿಯಾಗಿಯೇ ನಡೆದಿತ್ತು. ಮತದಾನಕ್ಕೆ ಹತ್ತು ದಿನ ಇರುವಾಗ ಬೆಳಿಗ್ಗೆ ಎದ್ದು ನೋಡಿದರೆ ಬೀದಿಯ ಗೋಡೆಯ ಮೇಲೆಲ್ಲ ಒಂದು ಕಾಗದ ಅಂಟಿಸಿತ್ತು. ನಿಮ್ಮಪ್ಪ ಸೈನ್ಯದಲ್ಲಿದ್ದಾಗ ವರ್ಷಕ್ಕೊಮ್ಮೆ ನಡೆಯುತ್ತಿದ್ದ ವೈದ್ಯಕೀಯ ಪರೀಕ್ಷೆಯ ದಾಖಲೆ. ಎಲ್ಲಿಂದ ಸಂಪಾದಿಸಿದರೋ ದೇವರೇ ಬಲ್ಲ. ಹದಿನಾರು ವರ್ಷ, ಹದಿನಾರು ಸಾಲು, ಪ್ರತಿ ಸಾಲಿನಲ್ಲೂ 'ಶ್ರವಣ: ಉತ್ತಮ'. ಕೆಳಗೆ ಕೆಂಪಕ್ಷರದಲ್ಲಿ, 'ಫಿರಂಗಿಯ ಕಿವಿ ಎಲ್ಲಿ ಹೋಯಿತು?' ಸೈನಿಕ ಅಂತ ಹೇಳಿಕೊಂಡು ಜನರ ಕನಿಕರ ಗಿಟ್ಟಿಸುವ ನಾಟಕ ಅಂತ ಅರ್ಥ. ಗುಂಡಾ, ಆ ಸಾಲು ನನಗೆ ಹೊಸದಲ್ಲ. ಇವರ ಕಿವಿ ಸೇವೆಯಲ್ಲಿದ್ದಾಗಲೇ ಹೋಯಿತು ಅಂತ ಒಂದು ಸಾಲು ಬರೆದುಕೊಡಿ ಅಂತ ಹದಿನೆಂಟು ವರ್ಷದಿಂದ ಸೈನ್ಯದ ಕಚೇರಿಗೆ ನಾನು ಅರ್ಜಿ ಹಾಕುತ್ತಲೇ ಇದ್ದೇನೆ. ಪ್ರತಿ ಸಲ ಒಂದೇ ಉತ್ತರ: ದಾಖಲೆಯ ಪ್ರಕಾರ ಇವರ ಕಿವಿ ಚೆನ್ನಾಗಿದೆ. ಆ ಗುಮಾಸ್ತರ ಏಳು ತಲೆಮಾರನ್ನೂ ನಾನು ಬೈದಿದ್ದೇನೆ. ದಾಖಲೆ ಯಾಕೆ ಹಾಗಿದೆ ಅಂತ ಇವರನ್ನು ಕೇಳಿದಾಗೆಲ್ಲ 'ತಪ್ಪಾಗಿದೆ' ಅಂತ ಒಂದೇ ಮಾತು ಹೇಳಿ ಪಂಪಿನ ಕೆಲಸಕ್ಕೆ ಎದ್ದು ಹೋಗುತ್ತಿದ್ದರು. ಗೋಡೆಯ ಕಾಗದ ನೋಡಿದ ದಿನ ಅದನ್ನೂ ಹೇಳಲಿಲ್ಲ. ಎರಡು ದಿನ ಪ್ರಚಾರಕ್ಕೆ ಹೊರಡಲಿಲ್ಲ. ನಿನ್ನ ಹಳೆಯ ಕೋಣೆಯಲ್ಲಿ ಕೂತು ಕೈ ನೋಡಿಕೊಳ್ಳುತ್ತಿದ್ದರು. ಇವರು ಸೋತರೂ ಚಿಂತೆಯಿಲ್ಲ, ಸುಳ್ಳುಗಾರ ಅನ್ನಿಸಿಕೊಂಡು ಸೋಲಬಾರದು ಅಂತ ನಾನು ಅತ್ತೆ.

ಮೂರನೇ ದಿನ ಶಾಲೆಯ ಮೈದಾನದಲ್ಲಿ ಎಲ್ಲ ಅಭ್ಯರ್ಥಿಗಳನ್ನೂ ಒಂದೇ ವೇದಿಕೆಯ ಮೇಲೆ ಕೂರಿಸುವ ಸಭೆ. ಬೇಡ ಅಂದೆ. 'ಹೋಗದಿದ್ರೆ ಕಾಗದವೇ ನಿಜ ಅಂತಾಗುತ್ತೆ' ಅಂದರು. ನಾನು ಪಕ್ಕದಲ್ಲಿ ಸ್ಲೇಟು ಹಿಡಿದು ಕೂತೆ, ವೇದಿಕೆಯ ಮೇಲೆ ಆಡಿದ್ದನ್ನೆಲ್ಲ ಬರೆದು ತೋರಿಸುವುದು ನನ್ನ ಕೆಲಸ. ಶಾಸಕರು ಆ ಹದಿನಾರು ಸಾಲನ್ನೂ ಒಂದೊಂದಾಗಿ, ರಾಗವಾಗಿ ಓದಿದರು. ಉತ್ತಮ, ಉತ್ತಮ, ಉತ್ತಮ. ನಾಲ್ಕನೇ 'ಉತ್ತಮ' ಬರೆಯುವಾಗ ಸೀಮೆಸುಣ್ಣ ಮುರಿಯಿತು. ನಿಮ್ಮಪ್ಪ ಎದ್ದು ನಿಂತರು. 'ಆ ಕಾಗದ ಸುಳ್ಳಲ್ಲ, ಸುಳ್ಳು ಹೇಳಿದವನು ನಾನು' ಅಂದರು. 'ಡಾಕ್ಟ್ರು ಮೂರು ಹೆಜ್ಜೆ ದೂರ ನಿಂತು ಪಿಸುಗುಟ್ತಿದ್ರು. ನಾನು ಅವರ ತುಟಿ ನೋಡಿ ಹೇಳಿಬಿಡ್ತಿದ್ದೆ. ಕಿವಿ ಹೋಯ್ತು ಅಂದ್ರೆ ಫಿರಂಗಿ ಬಿಡಿಸಿ ಉಗ್ರಾಣಕ್ಕೆ ಹಾಕ್ತಾರೆ ಅಂತ ಭಯ. ವರ್ಷ ವರ್ಷ ಹಾಗೇ ಮಾಡಿದೆ. ನನ್ನ ಹೆಂಡತಿಗೂ ಹೇಳಿಲ್ಲ, ಇವತ್ತು ನಿಮ್ಮ ಜೊತೆಗೇ ಅವಳೂ ಕೇಳ್ತಿದಾಳೆ. ಬರೆಸಿಕೊಳ್ಳಬೇಕಾದ್ದನ್ನ ನಾನು ಬರೆಸಿಕೊಳ್ಳಲಿಲ್ಲ. ಬರೆಯದೆ ಇದ್ದದ್ದು ಆಗೇ ಇಲ್ಲ ಅಂತಾರೆ. ಅದಕ್ಕೇ ನಿಮ್ಮ ಬಾಗಿಲಿಗೆಲ್ಲ ನೋಟುಬುಕ್ಕು ಹಿಡ್ಕೊಂಡು ಬಂದೆ.' ಹದಿನೆಂಟು ವರ್ಷದ ಸಿಟ್ಟು ನೆತ್ತಿಗೇರಿತು; ಅದರ ಜೊತೆಗೇ, ಡಾಕ್ಟರ ಮುಂದೆ ಕಣ್ಣರಳಿಸಿ ನಿಂತ ಆ ಎಳೆ ಸಿಪಾಯಿಯೂ ಕಣ್ಣ ಮುಂದೆ ಬಂದ. ಸುಳ್ಳು ಹೇಳಿದವರನ್ನು ಬೈಯಬೇಕೋ, ಇಷ್ಟು ಜನರೆದುರು ನಿಜ ಹೇಳಿದವರನ್ನು ತಬ್ಬಿಕೊಳ್ಳಬೇಕೋ ತಿಳಿಯಲಿಲ್ಲ.

ಅಲ್ಲಿಗೆ ಶಾಸಕರು ಸುಮ್ಮನಿದ್ದಿದ್ದರೆ ಅವರೇ ಗೆಲ್ಲುತ್ತಿದ್ದರೋ ಏನೋ. ವಿನಾಶಕಾಲೇ ವಿಪರೀತ ಬುದ್ಧಿ. ಅವರು ಮೈಕು ಹತ್ತಿರ ಎಳೆದುಕೊಂಡು, ಹಳೆಯ ಚಟದಂತೆ, ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದರು. ಒಂದಕ್ಷರ ಹೊರಗೆ ಬಂದಿರಲಿಲ್ಲ, ಜನರ ನಡುವಿನಿಂದ ಮೀನಿನಕ್ಕನ ದನಿ ಕೇಳಿಸಿತು: 'ಕೈ ತೆಗೀರಿ!' ಆ ದನಿ ದಿನಾ ಇಡೀ ಮಾರುಕಟ್ಟೆಗೆ ಕೇಳುವಂಥದ್ದು. ಅದರ ಹಿಂದೆ ಶಾಲೆಯ ಹುಡುಗಿಯರು, ಆಮೇಲೆ ಕೆಳಗಿನ ಬೀದಿಯ ಹೆಂಗಸರು, ಆಮೇಲೆ ಅವರ ಗಂಡಂದಿರು. 'ಕೈ ತೆಗೀರಿ! ಕೈ ತೆಗೀರಿ!' ಇಡೀ ಮೈದಾನ ಕಾಲಿನಿಂದ ನೆಲ ಕುಟ್ಟುತ್ತ ಕೂಗಿತು. ನಿಮ್ಮಪ್ಪ ನನ್ನ ಕಡೆ ಬಗ್ಗಿ, 'ಏನೇ ಇದು, ಹಲಗೆ ಯಾಕೆ ನಡುಗ್ತಿದೆ?' ಅಂತ ಕೇಳಿದರು. ಗುಟ್ಟಾಗಿ ಕೇಳಿದೆ ಅಂದುಕೊಂಡಿದ್ದರು, ಕೊನೆಯ ಸಾಲಿನವರೆಗೂ ಕೇಳಿಸಿತು. ನಾನು ಸ್ಲೇಟಿನ ಮೇಲೆ 'ಕೈ ತೆಗೀರಿ ಅಂತಿದಾರೆ' ಅಂತ ಬರೆದು ತೋರಿಸಿದೆ. ಅದನ್ನು ಎರಡು ಸಲ ಓದಿದರು. ಶಾಸಕರು ಕೈ ಇಳಿಸಿದರು. ಇಳಿಸಿದ ಮೇಲೆ ಆಡಲು ಅವರ ಹತ್ತಿರ ಮಾತೇ ಇರಲಿಲ್ಲ ಕಣೋ, ಅದು ಎಲ್ಲರಿಗೂ ಕಂಡಿತು.

ಇನ್ನು ಎಣಿಕೆಯ ದಿನ. ಊರಾಚೆಯ ಧಾನ್ಯದ ಗೋದಾಮಿನಲ್ಲಿ ಎಣಿಕೆ, ಅಭ್ಯರ್ಥಿಗಳು ಒಳಗೆ ಕುರ್ಚಿಯ ಮೇಲೆ, ನಾವೆಲ್ಲ ಹಗ್ಗದ ಈಚೆ. ಬೆಳಿಗ್ಗೆ ಹಿಂದೆ ಬಿದ್ದೆವು, ಊಟದ ಹೊತ್ತಿಗೆ ಸರಿಸಮ ಬಂದೆವು, ಕೆಳಗಿನ ಬೀದಿಯ ಪೆಟ್ಟಿಗೆಗಳು ಕೊನೆಗೆ ಉಳಿದಿದ್ದವು. ನಾಲ್ಕು ಗಂಟೆಗೆ ಧ್ವನಿವರ್ಧಕದಲ್ಲಿ ಹೇಳಿದರು. ಇನ್ನೂರ ಹದಿನೇಳು ಮತಗಳ ಅಂತರದಿಂದ, ಗಂಟೆ ಗುರುತು! ಗೋದಾಮಿನ ತಗಡು ಹಾರಿಹೋಗುವ ಹಾಗೆ ಜನ ಕೂಗಿದರು. ರಾಜ್ಯದ ಶಾಸನಸಭೆಗೆ ಆರಿಸಿ ಬಂದ ಆ ಮಹಾನುಭಾವರೊಬ್ಬರಿಗೆ ಮಾತ್ರ ಏನೂ ಕೇಳಿಸಲಿಲ್ಲ. ಎಲ್ಲರೂ ತಮ್ಮನ್ನೇ ನೋಡುತ್ತಿದ್ದಾರೆ ಅಂತ ತಿಳಿದು ಅಂಗಿಯ ಗುಂಡಿ ಸರಿಯಾಗಿದೆಯಾ ಅಂತ ಮುಟ್ಟಿ ನೋಡಿಕೊಂಡರು. ಆಮೇಲೆ ನನ್ನನ್ನು ಹುಡುಕಿದರು. ನಾನು ಹಗ್ಗದ ಮೇಲೆ ಬಗ್ಗಿ 'ಗೆದ್ರಿ! ಗೆದ್ರಿ!' ಅಂತ ಬಾಯಿ ಅಗಲ ಮಾಡಿ ಹೇಳಿದೆ. ಅವರ ಹುಬ್ಬು ಗಂಟಿಕ್ಕಿತು. ಗೋದಾಮೆಲ್ಲ ಕೇಳುವ ಹಾಗೆ ಫಿರಂಗಿ ಹಾರಿತು: 'ಎದ್ನಾ? ಎಲ್ಲಿ ಎದ್ದೆ, ಇಲ್ಲೇ ಕೂತಿದೀನಲ್ಲೇ!' ನನಗೆ ನಗು, ಅಳು ಒಟ್ಟಿಗೇ ಬಂತು. ಸ್ಲೇಟು ನಾವು ಬಂದ ಬಾಡಿಗೆ ವ್ಯಾನಿನಲ್ಲೇ ಉಳಿದಿತ್ತು. ಜೇಬಿನಲ್ಲಿ ಸೀಮೆಸುಣ್ಣ ಇತ್ತು, ಪಕ್ಕದಲ್ಲಿ ಅಂಚೆ ಅಣ್ಣ ಇದ್ದರು. ಅವರ ಭುಜ ಹಿಡಿದು ಗಿರಕ್ಕನೆ ತಿರುಗಿಸಿ, ಆ ಕಡುನೀಲಿ ಕೋಟಿನ ಬೆನ್ನ ತುಂಬ ಬರೆದೆ: 'ಗೆದ್ದಿರಿ'. ಬರೆದು ಅವರನ್ನು ಪಕ್ಕಕ್ಕೆ ವಾಲಿಸಿ ಬೆನ್ನು ತೋರಿಸಿದೆ. ನಿಮ್ಮಪ್ಪ ಓದಿದರು. ಆಮೇಲೆ ನಿಜವಾಗಿಯೂ ಎದ್ದರು.

ಮನೆಗೆ ಬಂದ ಮೇಲೆ ನನಗೆ ಹೇಳಿದರು, ತುಟಿ ಚೆನ್ನಾಗಿಯೇ ಕಂಡಿತ್ತಂತೆ. 'ಗೆದ್ರಿ ಅಂತ ಓದೋಕೆ ಧೈರ್ಯ ಬರಲಿಲ್ಲ ಕಣೇ' ಅಂದರು. ಮರುದಿನವೇ ನೀರಿನ ಕಚೇರಿಯವರು ಹೊಸ ಬೇರಿಂಗು ಹಿಡಿದು ಓಡಿ ಬಂದರು, ಪಂಪು ಈಗ ಓಡುತ್ತಿದೆ. ಬೇರೆಯವರು ಹಾಕಿದ್ದನ್ನು ನಂಬದೆ ಇವರು ಹೋಗಿ ಅಂಗೈ ಇಟ್ಟು ನೋಡಿ ಬಂದರು. ನಿನ್ನೆ ಆ ಹಳೆಯ ಶಾಸಕರೂ ಮನೆಗೆ ಬಂದಿದ್ದರು. ಮಾತಾಡಲು ಬಾಯಿ ತೆರೆದಾಗ ನಿಮ್ಮಪ್ಪ ನೋಟುಬುಕ್ಕು ಮುಂದಿಟ್ಟರು. ಅವರು 'ಅಭಿನಂದನೆ' ಅಂತ ಬರೆದು, ಟೀ ಕುಡಿದು ಹೋದರು. ಅಕ್ಷರ ಚೆನ್ನಾಗಿದೆ, ಅದನ್ನು ಒಪ್ಪಬೇಕು. ಶಾಸನಸಭೆಯಲ್ಲಿ ಎಲ್ಲರ ಮಾತನ್ನೂ ಆಡಿದ ತಕ್ಷಣ ಟೈಪು ಮಾಡಿ ಪರದೆಯ ಮೇಲೆ ತೋರಿಸುವ ಒಬ್ಬರನ್ನು ಇವರ ಪಕ್ಕ ಕೂರಿಸುತ್ತಾರಂತೆ, ಕಾರ್ಯದರ್ಶಿಗಳು ಬರೆದಿದ್ದಾರೆ. ಪ್ರಮಾಣವಚನಕ್ಕೆ ನಾನೇ ಕೋಟು ಹೊಲಿಯುತ್ತಿದ್ದೇನೆ. ಈ ಸಲ ಅಸ್ತರನ್ನು ಎರಡು ಸಲ ಒರೆಸಿದ್ದೇನೆ.

ಇಷ್ಟು ಓದಿ ನೀನು ಅಲ್ಲಿ ಕುಣಿಯುತ್ತಿರುತ್ತೀಯ ಅಂತ ಗೊತ್ತು, ಕುಣಿ. ನಮ್ಮಿಬ್ಬರ ಕೈ ಯಾವಾಗಲೂ ನಿನ್ನ ತಲೆಯ ಮೇಲಿದೆ ಅಂತ ತಿಳಿ, ಅಂಚೆ ಅಣ್ಣನದೂ ಸೇರಿ ಮೂವರದು. ಅವರು ಆ ಕೋಟನ್ನು ಇನ್ನೂ ಒಗೆದಿಲ್ಲ, ಹಾಗೇ ಹಾಕಿಕೊಂಡು ತಿರುಗುತ್ತಿದ್ದಾರೆ.

ನಿನ್ನ
ಅಮ್ಮ
(ಶಾಸಕರ ಹೆಂಡತಿ ಅಂತ ಬರೆಯೋಣ ಅಂದುಕೊಂಡೆ, ನಾಚಿಕೆಯಾಯಿತು)

ಮರೆತ ಮಾತು: ಅಂಚೆಪೆಟ್ಟಿಗೆ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ನೀನು ಹುಟ್ಟಿದಾಗ ಉಂಡೆಯ ಹಾಗೆ ದುಂಡಗಿದ್ದೆ ಅಂತ ಗುಂಡ ಅಂದೆವು, ಫಿರಂಗಿಗೆ ತುಂಬಲಿ ಅಂತಲ್ಲ. ನೀನು ಹೋಗಿ ಅಪ್ಪ ನಿಂತ ಜಾಗದಲ್ಲೇ ನಿಂತೆ. ಆವತ್ತು ಫೋನಿನ ಲೈನು ಸರಿಯಾಗಿಯೇ ಇತ್ತು, ಗುಂಡಾ. ನಿನ್ನ ಹಿಂದೆ ಯಾರೋ ಕೆಮ್ಮಿದ್ದು ಕೂಡ ನನಗೆ ಕೇಳಿಸಿತು. ರಜೆಯಲ್ಲಿ ಬಂದಿದ್ದಾಗ ಬೆನ್ನ ಹಿಂದಿನಿಂದ ಎರಡು ಸಲ ಕರೆದೆ, ನೀನು ತಿರುಗಲಿಲ್ಲ. ಕಾಲಿನಿಂದ ನೆಲ ಕುಟ್ಟಿದೆ, ತಿರುಗಿದೆ. ನಾನು ಮಾತಾಡುವಾಗ ನನ್ನ ಕಣ್ಣು ನೋಡುತ್ತಿದ್ದವನು ಈಗ ತುಟಿ ನೋಡುತ್ತೀಯ. ಇದನ್ನು ನಿಮ್ಮಪ್ಪನಿಗೆ ಹೇಳದೆ ಬರೆಯಬೇಕು ಅಂತಿದ್ದೆ, ಅವರು ಆಗಲೇ ನನ್ನ ಭುಜದ ಹಿಂದೆ ನಿಂತು ಓದುತ್ತಿದ್ದಾರೆ. ಅವರಿಗೆ ನನಗಿಂತ ಮೊದಲೇ ಗೊತ್ತಾಗಿತ್ತಂತೆ. ಪೆನ್ನು ಕಿತ್ತುಕೊಳ್ಳುತ್ತಿದ್ದಾರೆ, ತಾಳು.

ಮಗನೇ, ನಾಳೆಯೇ ಡಾಕ್ಟ್ರ ಹತ್ರ ಹೋಗು. ಕೇಳಿಸದಿದ್ದರೆ ಕೇಳಿಸ್ತಿಲ್ಲ ಅನ್ನು, ಅದನ್ನ ಬರೆಸಿಕೋ. ಅವರು ಪಿಸುಗುಟ್ಟುವಾಗ ಕಣ್ಣು ಮುಚ್ಚಿಕೋ.
ಅಪ್ಪ